ಆಳಂದಕರರ ಶಿಷ್ಯ: ಚಿತ್ರಕಾರ ಎಸ್.ಎಂ. ಪಂಡಿತ್ ಮತ್ತು ನಮ್ಮ ಮಕ್ಕಳು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮೊದಲು ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೈಗಳು ಮೇಲೆದ್ದವು, ಬಹಳ ಸಂತೋಷ. ಪ್ರತಿಭಾ ಕಾರಂಜಿಗೋ ಸನ್ಮಾನ ಸಮಾರಂಭಕ್ಕೋ ನಾಟಕಕ್ಕೋ ಅಲ್ಲಿಗೆ ಹೋದವರು ನೀವು. ಇನ್ನು ಎರಡನೆಯ ಪ್ರಶ್ನೆ. ಆ ಪಂಡಿತ್ ಯಾರು? ಈಗ ಕೈಗಳು ಕೆಳಗಿಳಿದವು. ನಾಚಿಕೆಪಡಬೇಡಿ. ಇದೇ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಕೇಳಿದಾಗ ಒಬ್ಬನು ದೊಡ್ಡ ಗವಾಯಿ ಎಂದ, ಇನ್ನೊಬ್ಬಳು ಸಂಸ್ಕೃತದ ವಿದ್ವಾಂಸರು ಎಂದಳು. ತಪ್ಪು ಮಕ್ಕಳದಲ್ಲ. ಹೆಸರನ್ನು ಕಟ್ಟಡದ ಮೇಲೆ ಬರೆದು, ಆ ಹೆಸರಿನ ಹಿಂದಿನ ಬದುಕನ್ನು ಮಕ್ಕಳಿಗೆ ಹೇಳದೆ ಬಿಟ್ಟವರು ನಾವು ದೊಡ್ಡವರು. ಆದ್ದರಿಂದ ಇಂದು ಆ ಬದುಕನ್ನು ನಿಮ್ಮ ಮುಂದಿಡಲು ನಿಂತಿದ್ದೇನೆ.

ಸಂಸ್ಥೆಯ ಹಿರಿಯರೊಬ್ಬರು ನನ್ನ ವಿಷಯ ಕೇಳಿ, "ಮಾಸ್ಟರ್, ನಮ್ಮ ಮಕ್ಕಳಿಗೆ ಗಣಿತ, ಇಂಗ್ಲಿಷ್ ಬಗ್ಗೆ ಹೇಳುವುದು ಬಿಟ್ಟು ಸಿನಿಮಾ ಪೋಸ್ಟರ್ ಬಿಡಿಸಿದವರ ಕಥೆ ಯಾಕೆ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಜೀವಿಗಳ ಚಿತ್ರ ಬರೆಯುವ ಬಗ್ಗೆ ನಮ್ಮ ಮನೆಗಳಲ್ಲಿ ಸಂಕೋಚವಿದೆ, ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವ ಯೋಗ್ಯತೆ ಒಬ್ಬ ಉರ್ದು, ಕನ್ನಡ ಶಿಕ್ಷಕನಿಗೆ ಇಲ್ಲ, ಆ ಗೊಡವೆಗೂ ನಾನು ಹೋಗುವುದಿಲ್ಲ. ನಾನು ಹೇಳಹೊರಟಿರುವುದು ಕೈ ಮತ್ತು ಕಣ್ಣಿನ ಶಿಕ್ಷಣದ ವಿಷಯ. ಆ ಶಿಕ್ಷಣ ಪಡೆದವನು ಕಟ್ಟಡದ ನಕ್ಷೆ ಬರೆಯಬಹುದು, ಬಟ್ಟೆಯ ವಿನ್ಯಾಸ ಮಾಡಬಹುದು, ಪುಸ್ತಕಕ್ಕೆ ಮುಖಪುಟ ಮಾಡಬಹುದು, ಖತ್ತಾತಿ ಬರೆಯಬಹುದು. ಏನು ಬರೆಯಬೇಕು ಎಂಬುದನ್ನು ಅವನ ಮನಸ್ಸಾಕ್ಷಿ ನಿರ್ಧರಿಸಲಿ. ಬರೆಯುವ ಕೈಯನ್ನು ತಯಾರು ಮಾಡುವುದು ಶಾಲೆಯ ಕೆಲಸ.

ಸಾಂಬಾನಂದ ಮೋನಪ್ಪ ಪಂಡಿತ್ ಅವರು ಹುಟ್ಟಿದ್ದು 1916ರ ಮಾರ್ಚ್ 25ರಂದು, ಗುಲಬರ್ಗಾದಲ್ಲಿ. ಆಗ ನಮ್ಮ ಊರುಗಳೆಲ್ಲ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಮನೆಯ ಮತ್ತು ಹೊಲದ ಭಾಷೆ ಕನ್ನಡ, ಪೇಟೆಯಲ್ಲಿ ಮರಾಠಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತಿದ್ದ ಕಾಲ. ಪಂಡಿತರದು ಲೋಹದ ಕೆಲಸ ಮಾಡುವ ಕುಶಲಕರ್ಮಿಗಳ ಮನೆತನ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಲೋಹದ ಮೇಲೆ ತಪ್ಪು ಗೆರೆ ಕೊರೆದರೆ ರಬ್ಬರಿನಿಂದ ಅಳಿಸಲಾಗುವುದಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಗೆರೆಯ ಬೆಲೆ ತೊಟ್ಟಿಲಿನಲ್ಲೇ ಗೊತ್ತಾಗುತ್ತದೆ.

ಆದರೆ ಮನೆತನವೊಂದೇ ಸಾಲದು. ಆ ಹುಡುಗನ ಕೈಯನ್ನು ಗುರುತಿಸಿದ ಒಬ್ಬ ಗುರು ಇದ್ದರು. ಅವರ ಹೆಸರು ಶಂಕರರಾವ್ ಆಳಂದಕರ. ಆಳಂದದ ಮಕ್ಕಳೇ, ಆ ಅಡ್ಡಹೆಸರಿನಲ್ಲಿ ನಿಮ್ಮ ಊರಿನ ಹೆಸರು ಕೇಳಿಸುತ್ತದೆ, ಗಮನಿಸಿದಿರಾ? ಆಳಂದಕರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಅಲ್ಲಿ ಕಲಿತದ್ದನ್ನು ಮುಂಬಯಿಯಲ್ಲೇ ಮಾರಿಕೊಂಡು ಇರಬಹುದಿತ್ತು. ಅವರು ಗುಲಬರ್ಗಾದ ಮಕ್ಕಳಿಗೆ ಚಿತ್ರ ಕಲಿಸಿದರು. ಅವರ ಹೆಸರಿನಲ್ಲಿ ದೊಡ್ಡ ರಂಗಮಂದಿರವಿಲ್ಲ. ಆದರೆ ಅವರು ಇರದಿದ್ದರೆ ಪಂಡಿತರ ಹೆಸರಿನ ರಂಗಮಂದಿರವೂ ಇರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಗುಲಬರ್ಗಾದ ರೈಲು ನಿಲ್ದಾಣವನ್ನು ನೀವು ನೋಡಿದ್ದೀರಿ. 1871ರಲ್ಲಿ ರಾಯಚೂರಿನಲ್ಲಿ ಎರಡು ಕಡೆಯ ಹಳಿಗಳು ಕೂಡಿದ ಮೇಲೆ, ನಮ್ಮ ನಿಲ್ದಾಣದಲ್ಲಿ ನಿಂತವನಿಗೆ ಒಂದು ದಿಕ್ಕಿಗೆ ಮದರಾಸು, ಇನ್ನೊಂದು ದಿಕ್ಕಿಗೆ ಮುಂಬಯಿ. ಪಂಡಿತರು ಎರಡೂ ದಿಕ್ಕಿಗೆ ಹೋದರು. ಮೊದಲು ಮದರಾಸಿನ ಕಲಾಶಾಲೆಯ ಡಿಪ್ಲೊಮಾ ಪಡೆದರು. ನಂತರ ಮುಂಬಯಿಗೆ ಹೋಗಿ ಜಿ.ಎಸ್. ದಂಡಾವತಿಮಠ ಅವರ ನೂತನ ಕಲಾಮಂದಿರ ಸೇರಿದರು. ದಂಡಾವತಿಮಠರು ಕನ್ನಡಿಗರು. ಪರಊರಿನಲ್ಲಿ ಕನ್ನಡದ ಹುಡುಗರಿಗೆ ಅವರ ಶಾಲೆ ಒಂದು ನೆರಳಾಗಿತ್ತು. ಅಲ್ಲಿಂದ ಮುಂದೆ ಪಂಡಿತರು ತಮ್ಮ ಗುರು ಕಲಿತಿದ್ದ ಜೆ.ಜೆ. ಕಲಾಶಾಲೆಗೇ ಹೋದರು. 1857ರಲ್ಲಿ ಆರಂಭವಾದ ಆ ಶಾಲೆಯಲ್ಲಿ ಎದುರಿಗಿರುವ ಮನುಷ್ಯನನ್ನು ನೋಡಿ, ಅಳೆದು, ಬೆಳಕು ನೆರಳು ಲೆಕ್ಕ ಹಾಕಿ ಬರೆಯುವ ವಾಸ್ತವ ಶೈಲಿಯನ್ನು ಕಟ್ಟುನಿಟ್ಟಾಗಿ ಕಲಿಸುತ್ತಿದ್ದರು.

ಇಲ್ಲಿ ಇನ್ನೊಬ್ಬ ಹುಡುಗನನ್ನು ನೆನೆಯುವುದು ಅವಶ್ಯ. ಪಂಡಿತರಿಗಿಂತ ಆರು ತಿಂಗಳು ಮೊದಲು, 1915ರ ಸೆಪ್ಟೆಂಬರ್ 17ರಂದು, ಪಂಢರಾಪುರದಲ್ಲಿ ಹುಟ್ಟಿದವರು ಎಂ.ಎಫ್. ಹುಸೇನ್. ಪಂಢರಾಪುರ ಭೀಮಾ ನದಿಯ ದಡದ ಊರು. ಅದೇ ಭೀಮೆ ಮುಂದೆ ಹರಿದು ನಮ್ಮ ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲಗಳನ್ನು ಮುಟ್ಟುತ್ತದೆ. ತಾಯಿಯನ್ನು ಎಳೆತನದಲ್ಲೇ ಕಳೆದುಕೊಂಡ ಹುಸೇನರು ಇಂದೋರಿನಲ್ಲಿ ಬೆಳೆದರು. ಹುಡುಗನಾಗಿದ್ದಾಗ ಅರಬಿ ಲಿಪಿಯ ಖತ್ತಾತಿ ಅಭ್ಯಾಸ ಮಾಡಿದ್ದರು. 1930ರ ದಶಕದಲ್ಲಿ ಅವರೂ ಮುಂಬಯಿಗೆ ಬಂದು, ಹೊಟ್ಟೆಪಾಡಿಗೆ ಸಿನಿಮಾ ಹೋರ್ಡಿಂಗುಗಳಿಗೆ ಬಣ್ಣ ಹಚ್ಚಿದರು. ಒಂದೇ ನದಿಯ ಸೀಮೆಯಲ್ಲಿ ಹುಟ್ಟಿದ ಇಬ್ಬರು ಬಡಪಾಯಿ ಹುಡುಗರು, ಒಂದೇ ದಶಕ, ಒಂದೇ ಶಹರ, ಒಂದೇ ಸಿನಿಮಾದ ಅನ್ನ. ಮುಂದೆ ದಾರಿಗಳು ಬೇರೆಯಾದವು. ಹುಸೇನರು 1947ರ ಪ್ರೋಗ್ರೆಸಿವ್ ಕಲಾವಿದರ ಗುಂಪು ಸೇರಿ ಆಧುನಿಕ ಚಿತ್ರಕಲೆಯ ಕಡೆ ಹೋದರು, ಜಗತ್ತಿನ ಗ್ಯಾಲರಿಗಳಲ್ಲಿ ಹೆಸರಾದರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಪಂಡಿತರು ವಾಸ್ತವ ಶೈಲಿಯನ್ನು ಬಿಡಲಿಲ್ಲ. ಅವರ ಚಿತ್ರಗಳು ಸಾಮಾನ್ಯ ಜನರ ಗೋಡೆಗಳನ್ನು ಸೇರಿದವು.

ಪಂಡಿತರು ಮಾಡಿದ ಕೆಲಸಗಳೇನು? ಮೊದಲನೆಯದು ಸಿನಿಮಾದ ಶೋಕಾರ್ಡ್. ಚಿತ್ರಮಂದಿರದ ಒಳಬಾಗಿಲ ಬಳಿ ನಿಲ್ಲಿಸುವ, ಸಿನಿಮಾದ ಒಂದು ದೃಶ್ಯವನ್ನು ಬಣ್ಣದಲ್ಲಿ ತೋರಿಸುವ ಹಲಗೆ ಅದು. ಸಿನಿಮಾ ಆಗ ಕಪ್ಪು ಬಿಳುಪು. ಬಣ್ಣ ಇದ್ದದ್ದು ಶೋಕಾರ್ಡಿನಂಥ ಚಿತ್ರಗಳಲ್ಲಿ. ಹಾಲಿವುಡ್ಡಿನ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಕಂಪನಿಯ ಚಿತ್ರಗಳಿಗೂ ಅವರು ಇಂಥ ಕಾರ್ಡುಗಳನ್ನು ಬರೆದರು. ಎರಡನೆಯದು, ಬಾಬುರಾವ್ ಪಟೇಲರು 1935ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳು. ಮೂರನೆಯದು ಕ್ಯಾಲೆಂಡರ್. ಇವರೊಡನೆ ಕೆಲಸ ಮಾಡಿದ ರಘುವೀರ ಮುಳಗಾಂವಕರರೂ ಮುಂದೆ ಕ್ಯಾಲೆಂಡರ್ ಚಿತ್ರಗಳಿಗೆ ಹೆಸರಾದರು. ರಾಧಾಕೃಷ್ಣ, ನಳದಮಯಂತಿ, ಶಕುಂತಲೆ, ವಿಶ್ವಾಮಿತ್ರ ಮೇನಕೆ ಮುಂತಾದ ಪುರಾಣ, ಕಾವ್ಯಗಳ ಪಾತ್ರಗಳು, ವಿವೇಕಾನಂದರಂಥ ಮಹಾಪುರುಷರು ಪಂಡಿತರ ಕುಂಚದಿಂದ ಮನೆಮನೆಗೆ ಬಂದರು.

ಈ ಕೈಯ ಮೇಲೆ ಯಾರ ಯಾರ ಪ್ರಭಾವವಿತ್ತು? ಮೊದಲ ಹೆಸರು ರಾಜಾ ರವಿವರ್ಮರದು. 1848ರಿಂದ 1906ರವರೆಗೆ ಬದುಕಿದ್ದ ಕೇರಳದ ಈ ಚಿತ್ರಕಾರರು ಪುರಾಣದ ಪಾತ್ರಗಳನ್ನು ಯುರೋಪಿನ ತೈಲವರ್ಣದ ಪದ್ಧತಿಯಲ್ಲಿ ಬರೆದರು, 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ತಮ್ಮ ಚಿತ್ರಗಳನ್ನು ಅಚ್ಚು ಹಾಕಿಸಿದರು. ಅರಮನೆಯ ಚಿತ್ರ ಬಡವನ ಗೋಡೆಗೆ ಬಂದದ್ದು ಹಾಗೆ. ಎರಡನೆಯ ಪ್ರಭಾವ ಜೆ.ಜೆ. ಶಾಲೆಯ ಶಿಸ್ತು. ಮೂರನೆಯದು ಸಿನಿಮಾ. ಪಂಡಿತರ ಚಿತ್ರಗಳನ್ನು ಗಮನವಿಟ್ಟು ನೋಡಿ. ಕೆನ್ನೆಯ ಅಂಚಿನಲ್ಲಿ, ಭುಜದ ಮೇಲೆ, ಕೂದಲಿನ ಹಿಂದೆ ಒಂದು ಹೊಳೆಯುವ ಬೆಳಕು ಇರುತ್ತದೆ. ಸ್ಟುಡಿಯೋದಲ್ಲಿ ನಟನ ಬೆನ್ನ ಹಿಂದೆ ದೀಪ ಇಟ್ಟು ಫೋಟೋ ತೆಗೆದಾಗ ಬರುವ ಬೆಳಕು ಅದು. ರವಿವರ್ಮರ ದಮಯಂತಿ ಹಗಲಿನ ಬೆಳಕಿನಲ್ಲಿ ನಿಂತಿರುತ್ತಾಳೆ, ಪಂಡಿತರ ದಮಯಂತಿ ಸಿನಿಮಾದ ದೀಪದಲ್ಲಿ ನಿಂತ ಹಾಗೆ ಕಾಣುತ್ತಾಳೆ. ನಾಲ್ಕನೆಯ ಪ್ರಭಾವ ತಂದೆಯ ಮನೆಯದು ಎಂದು ನನ್ನ ಸ್ವಂತ ಅಭಿಪ್ರಾಯ. ಕಿರೀಟ, ಕಡಗ, ಕವಚಗಳನ್ನು ಅವರು ಬರೆದ ರೀತಿಯಲ್ಲಿ ಲೋಹವನ್ನು ಕೈಯಿಂದ ಮುಟ್ಟಿ ಬೆಳೆದವನ ತಿಳುವಳಿಕೆ ಇದೆ.

ಇನ್ನು ಕೆಲಸದ ವಿಧಾನ. ಉರ್ದು ವಿದ್ಯಾರ್ಥಿಗಳೇ, ಇದು ನಿಮಗೆ ಬೇಗ ಅರ್ಥವಾಗುತ್ತದೆ. ಖತ್ತಾತಿಯಲ್ಲಿ ಅಲಿಫ್ ಎಷ್ಟು ಎತ್ತರ ಇರಬೇಕು? ಮನಸ್ಸಿಗೆ ಬಂದಷ್ಟಲ್ಲ. ಕಲಮಿನ ತುದಿಯನ್ನು ಕಾಗದದ ಮೇಲೆ ಒತ್ತಿದಾಗ ವಜ್ರದ ಆಕಾರದ ಒಂದು ನುಕ್ತಾ ಮೂಡುತ್ತದೆ. ಬರವಣಿಗೆಯ ಶೈಲಿಗೆ ತಕ್ಕಂತೆ ಮೂರು, ಐದು ಅಥವಾ ಏಳು ನುಕ್ತಾಗಳನ್ನು ಒಂದರ ಮೇಲೊಂದು ಇಟ್ಟರೆ ಅಲಿಫಿನ ಎತ್ತರ. ಹತ್ತನೆಯ ಶತಮಾನದ ಬಗ್ದಾದಿನಲ್ಲಿದ್ದ ಇಬ್ನ್ ಮುಖ್ಲಾ ಅವರ ಹೆಸರಿನೊಂದಿಗೆ ಈ ಅಳತೆಯ ಪದ್ಧತಿ ಬೆಸೆದುಕೊಂಡಿದೆ. ಚಿತ್ರಕಾರನೂ ಇದನ್ನೇ ಮಾಡುತ್ತಾನೆ. ಅವನ ನುಕ್ತಾ ಎಂದರೆ ಮನುಷ್ಯನ ತಲೆ. ನಿಂತ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು, ಚಿಕ್ಕ ಕೂಸಿನದು ಸುಮಾರು ನಾಲ್ಕು ಪಟ್ಟು. ವೀರಪುರುಷನನ್ನು ತೋರಿಸುವಾಗ ಎಂಟು ಪಟ್ಟು ಮಾಡುವುದುಂಟು. ಕಣ್ಣುಗಳು ತಲೆಯ ಸರಿಯಾಗಿ ಮಧ್ಯದಲ್ಲಿರುತ್ತವೆ. ಮಕ್ಕಳು ಯಾವಾಗಲೂ ಹಣೆಯ ಹತ್ತಿರ ಬರೆಯುತ್ತಾರೆ. ಇವತ್ತು ಮನೆಗೆ ಹೋಗಿ ಕನ್ನಡಿಯ ಮುಂದೆ ಬೆರಳಿನಿಂದ ಅಳೆದು ನೋಡಿ.

ಅಳತೆ ಆದ ಮೇಲೆ ಬಣ್ಣ. ಪಂಡಿತರು ತೈಲವರ್ಣವನ್ನೂ ಬಳಸಿದರು, ಗ್ವಾಶ್ ಎಂಬ ಬಣ್ಣವನ್ನೂ ಬಳಸಿದರು. ನಿಮ್ಮ ಪೋಸ್ಟರ್ ಕಲರ್ ಅದರ ತಮ್ಮನಿದ್ದಂತೆ. ಇದನ್ನು ನೀರಿನಲ್ಲಿ ಕಲಸುತ್ತಾರೆ, ಆದರೆ ಜಲವರ್ಣದಂತೆ ಇದು ತಿಳಿಯಾಗಿರುವುದಿಲ್ಲ. ಕೆಳಗಿನ ಪದರವನ್ನು ಪೂರ್ತಿ ಮುಚ್ಚುತ್ತದೆ. ಜಲವರ್ಣದಲ್ಲಿ ಬಿಳುಪು ಬೇಕೆಂದರೆ ಕಾಗದವನ್ನು ಖಾಲಿ ಬಿಡಬೇಕು. ಗ್ವಾಶಿನಲ್ಲಿ ಕಪ್ಪಿನ ಮೇಲೂ ಬಿಳುಪು ಇಡಬಹುದು. ಆದ್ದರಿಂದ ನೆರಳಿನಿಂದ ಆರಂಭಿಸಿ ಬೆಳಕಿನ ಕಡೆ ಬರಬಹುದು, ಕೊನೆಗೆ ಮೂಗಿನ ತುದಿ, ಮುತ್ತಿನ ಮಣಿ, ಕಣ್ಣಿನ ಹೊಳಪು. ಬೇಗ ಒಣಗುವುದರಿಂದ ಸಿನಿಮಾ ಬಿಡುಗಡೆಯ ದಿನಕ್ಕೆ ಕೆಲಸ ಮುಗಿಸಿ ಕೊಡಬಹುದು. ಹೊಳಪಿಲ್ಲದೆ ಒಣಗುವುದರಿಂದ ಮುದ್ರಣಕ್ಕಾಗಿ ಫೋಟೋ ತೆಗೆಯುವುದೂ ಸುಲಭ. ಆದರೆ ಅದರಲ್ಲೊಂದು ಮೋಸವಿದೆ. ಹಸಿಯಾಗಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಹಾಗೆಯೇ ಇರುವುದಿಲ್ಲ. ಒಣಗಿದ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಕಾಣಬೇಕು. ಅದು ಪುಸ್ತಕದಿಂದ ಬರುವುದಿಲ್ಲ, ನೂರು ಹಾಳೆ ಕೆಡಿಸಿದ ಮೇಲೆ ಬರುತ್ತದೆ.

ಹಾಗೆ ಬರೆದ ಚಿತ್ರ ಅಚ್ಚಾಗುವಾಗ ಮತ್ತೆ ಚುಕ್ಕಿಯೇ ಆಗುತ್ತದೆ. ಹಳೆಯ ಕ್ಯಾಲೆಂಡರನ್ನು ಭೂತಗನ್ನಡಿಯಲ್ಲಿ ನೋಡಿದರೆ ನೀಲಿ, ಕೆಂಪು, ಹಳದಿ, ಕಪ್ಪು ಈ ನಾಲ್ಕೇ ಬಣ್ಣದ ಚುಕ್ಕಿಗಳು ಕಾಣುತ್ತವೆ. ದೂರದಿಂದ ಅವೇ ಮುಖವಾಗುತ್ತವೆ, ಸೀರೆಯಾಗುತ್ತವೆ, ಆಕಾಶವಾಗುತ್ತವೆ. ವಿಜ್ಞಾನದ ಶಿಕ್ಷಕರು ಇದನ್ನು ಬೆಳಕಿನ ಪಾಠದಲ್ಲಿ ತೋರಿಸಬಹುದು.

ದೊಡ್ಡ ಗ್ಯಾಲರಿಗಳ ಜನ ಕ್ಯಾಲೆಂಡರ್ ಚಿತ್ರಗಳನ್ನು ಬಹಳ ಕಾಲ ಪೇಟೆಯ ಕಲೆ ಎಂದು ಪಕ್ಕಕ್ಕಿಟ್ಟರು. ಕಂಪನಿಯವರು ಹೇಳಿದ್ದನ್ನು ಬರೆಯುವವನು ಕಲಾವಿದನೇ ಎಂಬ ಪ್ರಶ್ನೆ ಅವರದು. ಆ ಪ್ರಶ್ನೆಯಲ್ಲಿ ಸ್ವಲ್ಪ ಸತ್ಯವಿದೆ ಎಂದು ಒಪ್ಪಬೇಕು. ಗಿರಾಕಿಯ ಇಷ್ಟಕ್ಕೆ ಬರೆದ ಚಿತ್ರಗಳಲ್ಲಿ ಅದೇ ಸಿಹಿ ನಗು, ಅದೇ ಮೈಬಣ್ಣ ಮತ್ತೆ ಮತ್ತೆ ಬರುತ್ತದೆ. ಆದರೆ ಇನ್ನೊಂದು ಸತ್ಯವೂ ಇದೆ. ಗ್ಯಾಲರಿಯ ಮೆಟ್ಟಿಲು ಎಂದೂ ಹತ್ತದ ಲಕ್ಷಾಂತರ ಜನರಿಗೆ ಚಿತ್ರ ಎಂದರೆ ಕ್ಯಾಲೆಂಡರೇ ಆಗಿತ್ತು. ವರ್ಷ ಮುಗಿದರೂ ಅದನ್ನು ಎಸೆಯದೆ, ತಾರೀಖಿನ ಹಾಳೆ ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿ ಇಟ್ಟುಕೊಂಡವರು ನಮ್ಮ ಹಳ್ಳಿಯ ಜನ. ಪಂಡಿತರು ಬದುಕಿನ ಕೊನೆಯ ಭಾಗದಲ್ಲಿ ಗುಲಬರ್ಗಾಕ್ಕೆ ಮರಳಿದರು. ಗುಲಬರ್ಗಾ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1993ರ ಮಾರ್ಚ್ 30ರಂದು, 77 ವರ್ಷ ತುಂಬಿದ ಐದು ದಿನಕ್ಕೆ, ಅವರು ತೀರಿಕೊಂಡರು.

ಪೇಟೆಯ ಕಲೆ ಎಂದಾಗ ನನಗೆ ನನ್ನ ಮಾಮು ನೆನಪಾಗುತ್ತಾರೆ. ಅವರು ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್ ಆಗಿದ್ದರು. ಮೇಲಿನ ಸಾಲು ಕನ್ನಡ, ಕೆಳಗಿನ ಸಾಲು ಉರ್ದು. ಕನ್ನಡ ಅಕ್ಷರ ದುಂಡಗೆ ಎಡದಿಂದ ಬರುತ್ತಿತ್ತು, ಉರ್ದು ಅಕ್ಷರ ಬಲದಿಂದ ಇಳಿಜಾರಾಗಿ ಬರುತ್ತಿತ್ತು, ಎರಡಕ್ಕೂ ಒಂದೇ ಕುಂಚ. ನಾನು ಎರಡು ಭಾಷೆಯ ಶಿಕ್ಷಕನಾದದ್ದು ಬಿ.ಎಡ್. ಕಾಲೇಜಿನಲ್ಲಲ್ಲ, ಅವರ ಏಣಿಯ ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಂತಾಗ. 1990ರ ದಶಕದಲ್ಲಿ ಕಂಪ್ಯೂಟರಿನಲ್ಲಿ ನಸ್ತಾಲೀಖ್ ಬಂದು ಉರ್ದು ಪತ್ರಿಕೆಗಳ ಕಾತಿಬರ ಕೈ ಖಾಲಿಯಾಯಿತು. ಅದರ ಬೆನ್ನಿಗೇ ಫ್ಲೆಕ್ಸ್ ಬಂದು ನಮ್ಮ ಪೇಟೆಯ ಪೇಂಟರುಗಳ ಕೈ ಖಾಲಿಯಾಯಿತು. ಮಾಮು ಕೊನೆಯ ವರ್ಷಗಳಲ್ಲಿ ಗೋಡೆಗೆ ಸುಣ್ಣ ಹೊಡೆಯುವ ಕೆಲಸಕ್ಕೆ ಹೋದರು. ಸುಣ್ಣ ಹೊಡೆಯುವುದು ಅವಮಾನವಲ್ಲ. ಆದರೆ ನೂಲು ಹಿಡಿಯದೆ ನೇರ ಗೆರೆ ಎಳೆಯಬಲ್ಲ ಕೈಗೆ ಊರಿನಲ್ಲಿ ಬೇರೆ ಕೆಲಸವೇ ಇರಲಿಲ್ಲ. ಅವರಿಗೆ ಕೈ ಇತ್ತು, ಕಾಗದದ ಸರ್ಟಿಫಿಕೇಟು ಇರಲಿಲ್ಲ.

ಇದು ಗೊತ್ತಿದ್ದ ನಾನೇ ಒಂದು ತಪ್ಪು ಮಾಡಿದೆ. ಅದನ್ನು ಈ ವೇದಿಕೆಯಲ್ಲಿ ಹೇಳಬೇಕೆಂದೇ ಈ ವಿಷಯ ಆರಿಸಿಕೊಂಡೆ. ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಉರ್ದು ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಚಿತ್ರ ಬರೆಯುತ್ತಿದ್ದ. ಎತ್ತು, ಬಸ್ಸು, ಚಹಾದಂಗಡಿ, ಕರಿಹಲಗೆಯ ಮುಂದೆ ನಿಂತ ನಾನು. ಒಂದು ದಿನ ಇಮ್ಲಾ ಬರೆಯದೆ ಚಿತ್ರ ಬರೆಯುತ್ತಿದ್ದನೆಂದು ಸಿಟ್ಟು ಬಂದು ಆ ಹಾಳೆಗಳನ್ನು ಅವನ ಎದುರಿಗೇ ಹರಿದುಹಾಕಿದೆ. ಅವನು ಅಳಲಿಲ್ಲ. "ಸರ್, ಇಮ್ಲಾ ಈಗ ಬರೀತೀನಿ" ಎಂದಷ್ಟೇ ಹೇಳಿದ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಕಷ್ಟವಿತ್ತು. ಸೊಲ್ಲಾಪುರದಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿಗೆ ಸೇರಿದನೆಂದು ಕೇಳಿದೆ. ಅವನು ಶಾಲೆ ಬಿಟ್ಟದ್ದು ನನ್ನಿಂದಲೇ ಎಂದು ಹೇಳಲಾರೆ. ಆದರೆ ಶಾಲೆಯಲ್ಲಿ ಉಳಿಯಲು ಅವನಿಗೆ ಒಂದು ಕಾರಣ ಬೇಕಾಗಿತ್ತು, ಆ ಕಾರಣ ಅವನ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿತ್ತು, ಅದನ್ನು ಹರಿದವನು ನಾನು. ಪಂಡಿತರಿಗೆ ಒಬ್ಬ ಆಳಂದಕರರು ಸಿಕ್ಕರು. ಈ ಹುಡುಗನಿಗೆ ಸಿಗಲಿಲ್ಲ. ಸಿಗಬೇಕಾಗಿದ್ದವನು ನಾನು.

ಆದ್ದರಿಂದ ನನ್ನ ವಿನಂತಿಗಳು ಮೂರು. ಪಾಲಕರೇ, ಮಗು ಚಿತ್ರ ಬರೆದರೆ ಓದು ಕೆಟ್ಟಿತೆಂದು ತಿಳಿಯಬೇಡಿ. ನಮ್ಮ ರಾಜ್ಯದಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಮುಂದೆ ದೃಶ್ಯಕಲೆಯಲ್ಲಿ ಪದವಿ ಇದೆ, ಅದನ್ನು ಕಲಿಯಲು ಮುಂಬಯಿಗೆ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಕಲಿಯಬಹುದು. ಜೆ.ಎಸ್. ಖಂಡೇರಾವ್, ವಿ.ಜಿ. ಅಂದಾನಿ ಅವರಂಥ ಚಿತ್ರಕಾರರು ಇದೇ ಊರಿನಲ್ಲಿ ಕೆಲಸ ಮಾಡಿ ಹೆಸರಾದರು. ಸಂಸ್ಥೆಯ ಹಿರಿಯರೇ, ನಾವು ಪ್ರತಿವರ್ಷ ಅಂಕ ಪಡೆದವರಿಗೆ ಬಹುಮಾನ ಕೊಡುತ್ತೇವೆ. ಅದರ ಜೊತೆಗೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಒಬ್ಬೊಬ್ಬ ಮಗುವಿಗೆ ಗ್ರೇಡ್ ಪರೀಕ್ಷೆಯ ಶುಲ್ಕ, ಬಣ್ಣ, ಕಾಗದ ಕೊಡಿಸೋಣ. ಮೊದಲ ವರ್ಷದ ಒಂದು ಮಗುವಿನ ಖರ್ಚು ನನ್ನದು. ಶಿಕ್ಷಕ ಬಂಧುಗಳೇ, ನೋಟ್‌ಬುಕ್ ತಿದ್ದುವಾಗ ಹಿಂದಿನ ಹಾಳೆಯನ್ನೂ ಒಮ್ಮೆ ತಿರುವಿ ನೋಡಿ.

ವಿದ್ಯಾರ್ಥಿಗಳೇ, ನಿಮಗೆ ವಿನಂತಿಯಲ್ಲ, ಮನೆಪಾಠ ಕೊಡುತ್ತೇನೆ. ಇವತ್ತು ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿಯಿಂದ ಕಾಣುವ ಒಂದೇ ಒಂದು ವಸ್ತುವನ್ನು ಚೆನ್ನಾಗಿ ನೋಡಿ. ತೊಗರಿಯ ಹೊಲವಾಗಲಿ, ಭೀಮೆಯ ಸೇತುವೆಯಾಗಲಿ, ಯಾವುದೋ ಮುರಿದ ಕಮಾನಾಗಲಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ನೆರಳು ಯಾವ ಕಡೆ ಇದೆ ಎಂದು ಗಮನಿಸಿ. ಮನೆಗೆ ಹೋಗಿ ನೆನಪಿನಿಂದ ಬರೆಯಿರಿ. ಸರಿಯಾಗಿ ಬರದಿದ್ದರೂ ಹರಿಯಬೇಡಿ, ನನ್ನ ಹತ್ತಿರ ತನ್ನಿ. ಮುಂದಿನ ಸಲ ಪಂಡಿತ್ ರಂಗಮಂದಿರಕ್ಕೆ ಹೋದಾಗ ನಿಮ್ಮ ಪಕ್ಕದಲ್ಲಿ ಕೂತವರಿಗೆ ಆ ಹೆಸರು ಯಾರದೆಂದು ಹೇಳಿರಿ. ಆಳಂದಕರರ ಹೆಸರನ್ನೂ ಸೇರಿಸಿ ಹೇಳಿರಿ.

ಆ ಹುಡುಗನ ವಿಳಾಸ ಈಗ ನನ್ನ ಹತ್ತಿರ ಇದೆ. ಈ ರಜೆಯಲ್ಲಿ ಸೊಲ್ಲಾಪುರಕ್ಕೆ ಹೋಗಿ ಬರುತ್ತೇನೆ. ಒಂದು ಖಾಲಿ ಡ್ರಾಯಿಂಗ್ ಪುಸ್ತಕ ಒಯ್ಯುತ್ತೇನೆ. ಅವನು ತೆಗೆದುಕೊಳ್ಳುತ್ತಾನೋ ಇಲ್ಲವೋ, ಕೊಡುವುದು ನನ್ನ ಮೇಲಿನ ಸಾಲ.